ಆಲ್ಕೊ, ಇಎಂಡಿ, ಕರೆಂಟ್ ಇಂಜಿನ್: ನಡೆಸಿ ನೋಡಿದ ಮೇಲೆ

ಹುಬ್ಬಳ್ಳಿಯಿಂದ ಗೂಡ್ಸ್ ಗಾಡಿ ನಡೆಸುತ್ತಲೇ ನನ್ನ ತಲೆ ನರೆತಿದೆ. ಈಗ ಗದಗ ಕಡೆಗೂ ಹಾವೇರಿ ಕಡೆಗೂ ಹಳಿಯ ಮೇಲೆ ಕರೆಂಟ್ ತಂತಿ ಬಂದಿದೆ. ಡೀಸೆಲ್ ಇಂಜಿನ್‌ಗಳ ಕಾಲ ಮುಗಿಯುತ್ತಾ ಬಂತು. ಆಲ್ಕೊ, ಇಎಂಡಿ ಎರಡೂ ಅಮೆರಿಕದ ಕಂಪನಿಗಳ ಹೆಸರು ಹೊತ್ತ ಡೀಸೆಲ್ ಇಂಜಿನ್‌ಗಳು. ಆಲ್ಕೊ ಮೇಲೋ, ಇಎಂಡಿ ಮೇಲೋ ಎಂದು ಹೊಸ ಹುಡುಗರು ಕೇಳುತ್ತಾರೆ. ಎರಡನ್ನೂ ಅವುಗಳ ಮುಪ್ಪಿನಲ್ಲಿ ನಡೆಸಿದ್ದೇನೆ. ಇಂಜಿನ್ನಿನ ನಿಜವಾದ ಗುಣ ತಿಳಿಯುವುದೇ ಆಗ.

ನಾನು ಹೇಳುವ ಆಲ್ಕೊ ಡಬ್ಲ್ಯೂಡಿಜಿ-3ಎ. 16 ಸಿಲಿಂಡರ್, 3100 ಅಶ್ವಶಕ್ತಿ. ಅಮೆರಿಕದ ಮೂಲ ಕಂಪನಿ 1969ರಲ್ಲೇ ಇಂಜಿನ್ ಮಾಡುವುದನ್ನು ಬಿಟ್ಟಿತು. ಆದರೆ ಅದರ ಸಂತಾನ ವಾರಾಣಸಿಯ ರೈಲ್ವೆ ಕಾರ್ಖಾನೆಯಲ್ಲಿ ದಶಕಗಟ್ಟಲೆ ಬೆಳೆಯಿತು. ಇಎಂಡಿ ಅಂದ್ರೆ ಡಬ್ಲ್ಯೂಡಿಜಿ-4. ನಮ್ಮ ದೇಶಕ್ಕೆ 1999ರಲ್ಲಿ ಬಂತು, 4000 ಅಶ್ವಶಕ್ತಿ. ನಮ್ಮ ಹುಬ್ಬಳ್ಳಿ ಶೆಡ್ಡಿಗೆ ಹೆಸರು ಬಂದದ್ದೇ ಇದರಿಂದ.

ಎರಡಕ್ಕೂ ಪರೀಕ್ಷೆ ಕ್ಯಾಸಲ್‌ರಾಕ್ ಘಟ್ಟ. ಗೋವಾದ ಕುಳೆಂನಿಂದ ಮೇಲಕ್ಕೆ 37ಕ್ಕೆ 1ರ ಏರು, ಅಂದ್ರೆ 37 ಮೀಟರ್ ಸಾಗಿದರೆ 1 ಮೀಟರ್ ಎತ್ತರ. ಗಾಡಿಯ ಹಿಂಬದಿಯಿಂದ ಬ್ಯಾಂಕರ್ ಇಂಜಿನ್‌ಗಳು ತಳ್ಳದೆ ಲೋಡ್ ಗಾಡಿ ಹತ್ತುವುದೇ ಇಲ್ಲ. ಒಂದು ಆಷಾಢದ ರಾತ್ರಿ ಮಳೆ ಹೊಯ್ಯುತ್ತಿತ್ತು. ಆಲ್ಕೊದ ಚಕ್ರ ಜಾರಲು ಶುರುವಾಯಿತು. ನಾಚ್ (ಇಂಜಿನ್ನಿನ ಬಲದ ಮೆಟ್ಟಿಲು) ಇಳಿಸು, ಹಳಿಯ ಮೇಲೆ ಮರಳು ಬಿಡು, ಮತ್ತೆ ಮೆಲ್ಲಗೆ ಏರಿಸು. ಗಂಟೆಗಟ್ಟಲೆ ಅದೇ ಕೆಲಸ. ಅಸಿಸ್ಟೆಂಟ್ ಹುಡುಗನೂ ನಾನೂ ಬೆವರಿ ತೊಯ್ದು ಹೋದೆವು. ಅದೇ ಏರಿನಲ್ಲಿ, ಅಂಥದೇ ಮಳೆಯಲ್ಲಿ ಇಎಂಡಿ ಬೇರೆ ಥರ. ಚಕ್ರ ಜಾರುವುದನ್ನು ಅದರ ಕಂಪ್ಯೂಟರ್ ನಮಗಿಂತ ಮೊದಲೇ ಹಿಡಿಯುತ್ತದೆ. ಗಾಡಿ ಆಮೆಯಂತೆ ನಡೆದರೂ ನಿಲ್ಲುವುದಿಲ್ಲ.

ಹೊಗೆಯಲ್ಲೂ ಫರಕು ಇದೆ. ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಆಲ್ಕೊದಲ್ಲಿ ತಿರುಗುವುದು ಇಂಜಿನ್ ಬಿಡುವ ಬಿಸಿ ಹೊಗೆಯ ಬಲದಿಂದ ಮಾತ್ರ. ಗಡಿಬಿಡಿಯಲ್ಲಿ ನಾಚ್ ಏರಿಸಿದರೆ ಡೀಸೆಲ್ ಮೊದಲು ಬರುತ್ತದೆ, ಗಾಳಿ ತಡವಾಗಿ ಬರುತ್ತದೆ. ಕಪ್ಪು ಮೋಡ ಎದ್ದೇ ಏಳುತ್ತದೆ. ಇಎಂಡಿಯಲ್ಲಿ ನಿಧಾನದ ವೇಗದಲ್ಲಿ ಟರ್ಬೊವನ್ನು ಗೇರ್ ತಿರುಗಿಸುತ್ತದೆ, ಹಾಗಾಗಿ ಹೊಗೆ ಕಡಿಮೆ.

ಆದರೆ ಮುಪ್ಪಿನ ವಿಷಯಕ್ಕೆ ಬಂದರೆ ನನ್ನ ಮನಸ್ಸು ಆಲ್ಕೊ ಕಡೆ ವಾಲುತ್ತದೆ. ಅದು ನೋವನ್ನು ಮುಚ್ಚಿಡುವುದಿಲ್ಲ. ಅಣ್ಣಿಗೇರಿ ದಾಟುವಾಗ ಡಗ್ ಡಗ್ ಸದ್ದು ಒಂದು ಪೆಟ್ಟು ತಪ್ಪಿದರೂ ಕಿವಿಗೆ ಗೊತ್ತಾಗುತ್ತದೆ. ಯಾವುದೋ ಸಿಲಿಂಡರ್ ಸೋಲುತ್ತಿದೆ ಅಂತ ಮುಂದಿನ ಸ್ಟೇಷನ್ನಿಗೆ ಹೇಳಬಹುದು. ರಿಲೇ (ತೊಂದರೆಯಾದಾಗ ತಾನೇ ಬೀಳುವ ಸ್ವಿಚ್) ಬಿದ್ದರೆ ಕೈಯಿಂದಲೇ ಎತ್ತಿ ಕೂರಿಸಿ ಮುಂದೆ ಸಾಗಬಹುದು. ಇಎಂಡಿ ಕೊನೆಯವರೆಗೂ ಒಂದೇ ಗುಂಯ್‌ಗುಡುವಿಕೆ. ಆಮೇಲೆ ಕಂಪ್ಯೂಟರ್ ತೆರೆಯ ಮೇಲೆ ದೋಷ ಹೇಳುವ ಒಂದು ಸಾಲು ಬರುತ್ತದೆ, ಎಳೆತ ನಿಂತು ಹೋಗುತ್ತದೆ. ಆ ಸಾಲನ್ನು ಓದಲು ಬಂದರೆ ಅರ್ಧ ಕೆಲಸ ಆದ ಹಾಗೆ, ನಿಜ. ಆದರೂ ಆ ಮೌನಕ್ಕೆ ನಾನು ಇವತ್ತಿಗೂ ಹೆದರುತ್ತೇನೆ.

ಕರೆಂಟಿನ ಡಬ್ಲ್ಯೂಎಜಿ-9 ಬಗ್ಗೆ ಜಾಸ್ತಿ ಹೇಳಬೇಕಿಲ್ಲ. 6000 ಅಶ್ವಶಕ್ತಿ, ಹೊಗೆ ಇಲ್ಲ, ಬ್ರೇಕ್ ಹಾಕುವಾಗ ತಂತಿಗೆ ಕರೆಂಟ್ ವಾಪಸ್ ಕೊಡುತ್ತದೆ. ಕುಂದಗೋಳ ದಾಟಿ ಹಾವೇರಿಗೆ ಹೋಗುವಾಗ ಕ್ಯಾಬಿನಲ್ಲಿ ಮಾತು ಕೇಳಿಸುತ್ತದೆ. ಎರಡು ಡೀಸೆಲ್‌ಗಿಂತಲೂ ಇದೇ ಮೇಲು, ಅದರಲ್ಲಿ ವಾದವೇ ಇಲ್ಲ.

ಡೀಸೆಲ್‌ಗಳಲ್ಲೇ ಒಂದನ್ನು ಆರಿಸು ಅಂದರೆ ಘಟ್ಟಕ್ಕೆ ಇಎಂಡಿಯನ್ನೇ ಕೇಳುತ್ತೇನೆ, ಬಯಲಿಗೆ ಆಲ್ಕೊ ಸಾಕು. ಗುಜರಿಗೆ ಹೋಗುವ ಮುಂಚೆ ಗದಗ ರಸ್ತೆಯ ರೈಲ್ವೆ ಮ್ಯೂಸಿಯಂನಲ್ಲಿ ಎರಡನ್ನೂ ಅಕ್ಕಪಕ್ಕ ನಿಲ್ಲಿಸಬೇಕು ಅಂತ ನನ್ನ ಆಸೆ. ಇಂಜಿನ್ ಮುಚ್ಚುವ ಹುಡ್‌ನ ಬಾಗಿಲು ತೆರೆದೇ ಇಡಬೇಕು. ಮಕ್ಕಳು ಒಳಗೆ ಬಗ್ಗಿ 16 ಸಿಲಿಂಡರ್ ಎಣಿಸಲಿ.