ಒಂದನೇ ಕ್ಲಾಸಿಗೆ ಮುಂಚಿನ ತಯಾರಿ ಶಿಬಿರ: ಕಳಿಸಬಹುದಾ?

ಮಗಳ ಹೊಸ ಶಾಲೆಯವರು ಒಂದನೇ ಕ್ಲಾಸು ಶುರುವಾಗುವ ಮುಂಚೆ ನಡೆಸಿದ ಶಿಬಿರವಿದು. ಅಕ್ಷರ ತಿದ್ದಿಸುವ ಗೋಜಿಗೇ ಅವರು ಹೋಗಲಿಲ್ಲ. ನನಗೆ ಹಿಡಿಸಿದ್ದೇ ಅದು. ಮುಂದೆ ಅವಳು ಕೂರುವ ಕೋಣೆಯಲ್ಲೇ ಆಟ ಆಡಿಸಿದರು. ಟಾಯ್ಲೆಟ್ ಎಲ್ಲಿದೆ, ಅದರ ಚಿಲಕ ಹೇಗೆ ತೆಗೆಯೋದು, ಟೀಚರನ್ನು ಹೇಗೆ ಕೇಳೋದು, ಎಲ್ಲವನ್ನೂ ಮಾಡಿಸಿಯೇ ಕಲಿಸಿದರು. ಮಕ್ಕಳಿಗೆ ಅರ್ಧ ಭಯ ಇರುವುದೇ ಅಲ್ಲಿ, ಅಲ್ವಾ?

ನರ್ಸರಿ ಟೀಚರ್ ಕೊಟ್ಟ ಫೈಲನ್ನು ಹೊಸ ಟೀಚರ್ ನಮ್ಮೆದುರೇ ಕೂತು ಓದಿದರು. ಕತ್ತರಿ ಚೆನ್ನಾಗಿ ಹಿಡಿಯುತ್ತಾಳೆ, ಗುಂಪಿನಲ್ಲಿ ಬಾಯಿ ಬಿಡುವುದಿಲ್ಲ ಅಂತ ಅದರಲ್ಲಿತ್ತು. ಮರುದಿನವೇ ಒಂದು ಗೊಂಬೆ ಕೈಗೆ ಕೊಟ್ಟು, ಗೊಂಬೆಯ ಪರವಾಗಿ ಅವಳಿಂದ ಮಾತಾಡಿಸಿದರು! ಪದದ ಮೊದಲ ಸದ್ದು ಹಿಡಿಯುವ ಆಟವೂ ಇತ್ತು. ಓದು ಕಲಿಯಲು ಅದು ತುಂಬಾ ಮುಖ್ಯ.

ಬೇಜಾರಾಗಿದ್ದು ಆಮೇಲೆ. ಕ್ಲಾಸು ಶುರುವಾದದ್ದೇ ತಡ, ಆಟದ ಮೂಲೆ ಮಾಯ. ದಿನವಿಡೀ ಬೆಂಚು, ನೋಟ್‌ಬುಕ್ಕು. 8 ವರ್ಷದವರೆಗೂ ಮಕ್ಕಳು ಆಡುತ್ತಲೇ ಜಾಸ್ತಿ ಕಲಿಯುತ್ತಾರೆ ಅಂತ ಶಿಬಿರದಲ್ಲಿ ಹೇಳಿದ್ದು ಇವರೇ. ಕೇಳಿದರೆ, "ಸಿಲಬಸ್ ಮುಗಿಸಬೇಕಲ್ಲ" ಅಂದರು.

ಶಿಬಿರಕ್ಕೆ ಐದಕ್ಕೆ ನಾಲ್ಕೂವರೆ. ಆಮೇಲಿನದಕ್ಕೆ ಎರಡು ಕೊಟ್ಟರೆ ಜಾಸ್ತಿ.