ಪ್ಯಾರಾಥೈರಾಯ್ಡ್ ತೊಂದರೆ: ಆಪರೇಷನ್ನೋ, ಕಾದು ನೋಡುವುದೋ?

ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಬೇಳೆಕಾಳಿನಷ್ಟು ದೊಡ್ಡ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಈ ತೊಂದರೆಯಲ್ಲಿ ಸಾಮಾನ್ಯವಾಗಿ ಅವುಗಳಲ್ಲಿ ಒಂದು ಬೆಳೆದು ಹಾರ್ಮೋನನ್ನು ಅತಿಯಾಗಿ ಸುರಿಸುತ್ತದೆ. ಅದು ಮೂಳೆಯ ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಎಳೆಯುತ್ತದೆ. ಹೆಚ್ಚಾದದ್ದು ಮೂತ್ರಕ್ಕಿಳಿದು ಕಿಡ್ನಿಯಲ್ಲಿ ಕಲ್ಲಾಗಬಹುದು. ನಮ್ಮ ಅತ್ತೆಗೆ ಎರಡು ಸಲ ಕಲ್ಲು ತೆಗೆಸಿಯಾಗಿತ್ತು. ಅಂಗಳದಲ್ಲಿ ಜಾರಿ ಮಣಿಕಟ್ಟು ಮುರಿದ ಮೇಲಷ್ಟೇ ರಕ್ತದ ಕ್ಯಾಲ್ಸಿಯಂ ನೋಡಿದರು. ಅಷ್ಟು ತಡವಾಗಬಾರದಿತ್ತು.

ಬೇರಿಗೇ ಕೈಹಾಕುವುದು ಆಪರೇಷನ್ ಮಾತ್ರ. ನುರಿತ ಸರ್ಜನ್ ಕೈಯಲ್ಲಿ 100ಕ್ಕೆ 95ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ, ಮೂಳೆಯ ಸಾಂದ್ರತೆ ಏರುತ್ತದೆ, ಹೊಸ ಕಲ್ಲುಗಳೂ ಕಡಿಮೆಯಾಗುತ್ತವೆ. ಇದ್ದ ಕಲ್ಲು ಮಾತ್ರ ತಾನಾಗಿ ಕರಗುವುದಿಲ್ಲ. ಅಪರೂಪಕ್ಕೆ ದನಿ ಒಡೆಯಬಹುದು. ಅತ್ತೆಗೆ ಆಪರೇಷನ್ನಿನ ಮರುದಿನ ತುಟಿಯ ಸುತ್ತ ಜುಮುಜುಮು ಎಂದಿತು; ಕ್ಯಾಲ್ಸಿಯಂ ಇಳಿದಿತ್ತು, ಮಾತ್ರೆಯಿಂದ ಸರಿಹೋಯಿತು.

ಮಾತ್ರೆಗಳದ್ದು ಅರ್ಧ ಕೆಲಸ. ಸಿನಾಕ್ಯಾಲ್ಸೆಟ್ ರಕ್ತದ ಕ್ಯಾಲ್ಸಿಯಂ ಇಳಿಸುತ್ತದೆ, ಮೂಳೆ ತುಂಬುವುದಿಲ್ಲ. ಅಲೆಂಡ್ರೊನೇಟ್ ಮೂಳೆಗೆ ನೆರವು, ಕ್ಯಾಲ್ಸಿಯಂಗಲ್ಲ.

ಕಾದು ನೋಡುವುದು ತಪ್ಪಲ್ಲ, ಆದರೆ ಅದು ಸುಮ್ಮನಿರುವುದಲ್ಲ: ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ವರ್ಷ ಎರಡು ವರ್ಷಕ್ಕೊಮ್ಮೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್. ಮುಂಗೈ ಮೂಳೆಯನ್ನೂ ಅಳೆಯಲು ಹೇಳಿ, ಸವೆತ ಹೆಚ್ಚಾಗಿ ಕಾಣುವುದು ಅಲ್ಲೇ. ನೀರು ಚೆನ್ನಾಗಿ ಕುಡಿಯಿರಿ. ಹಾಲು ಮೊಸರು ಬಿಡಬೇಡಿ; ಬಿಟ್ಟರೆ ಹಾರ್ಮೋನು ಇನ್ನೂ ಏರಬಹುದು.

ಕಿಡ್ನಿಯಲ್ಲಿ ಕಲ್ಲಿದ್ದರೆ, ಡೆಕ್ಸಾದಲ್ಲಿ ಬರುವ ಮೂಳೆ ಸಾಂದ್ರತೆಯ ಅಂಕ, ಅಂದರೆ ಟಿ-ಸ್ಕೋರ್, -2.5 ಅಥವಾ ಅದಕ್ಕಿಂತ ಕೆಳಗಿದ್ದರೆ, ವಯಸ್ಸು 50ರೊಳಗಿದ್ದರೆ ನಾನು ಆಪರೇಷನ್ ಕಡೆಗೇ. ಇವ್ಯಾವುವೂ ಇಲ್ಲದೆ ಕ್ಯಾಲ್ಸಿಯಂ ಸ್ವಲ್ಪವೇ ಏರಿದ್ದರೆ, ಎಂಡೋಕ್ರೈನಾಲಜಿಸ್ಟ್ (ಹಾರ್ಮೋನು ತಜ್ಞ ವೈದ್ಯರು) ಜೊತೆ ಕೂತು ಕಾಯುವ ಮಾತಾಡಬಹುದು.