ಸುಪರ್ ಮಾರ್ಕೆಟ್‌ನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು, ಅದರ ಮೇಲೆ ಕಟ್ಟಿದ ಲಿಬ್ರೆಆಫೀಸು

ಅಂಕ ಮೊದಲೇ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪಿಗೆ ಐದಕ್ಕೆ ನಾಲ್ಕು, ಅಂಗಡಿಗೆ ಮೂರು. ಎರಡರ ಹೆಸರೂ ಬರೆಯುವುದಿಲ್ಲ. ಅಂಗಡಿಯವರ ಜೊತೆ ನನಗೆ ಜಗಳವೇನಿಲ್ಲ, ನಾಳೆ ಚಾರ್ಜರ್ ಸುಟ್ಟರೆ ಮತ್ತೆ ಅವರ ಮೆಟ್ಟಿಲನ್ನೇ ಹತ್ತಬೇಕು.

ಕಲಬುರಗಿಯ ಮಿನಿ ವಿಧಾನಸೌಧದ ಕಡೆ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಪಹಣಿ ತಿದ್ದುಪಡಿ ಅರ್ಜಿ, ಅಫಿಡವಿಟ್ಟು, ಬಾಡಿಗೆ ಕರಾರು, ಸೀಸನ್ನಿನಲ್ಲಿ ಮದುವೆ ಕಾರ್ಡಿನ ಮ್ಯಾಟರು. ಹನ್ನೆರಡು ವರ್ಷದಿಂದ ಎಲ್ಲವನ್ನೂ ಲಿಬ್ರೆಆಫೀಸಿನಲ್ಲೇ ಹೊಡೆಯುತ್ತೇನೆ, ಪತ್ರ, ಲೆಕ್ಕ ಬರೆಯುವ ಪುಕ್ಕಟೆ ಸಾಫ್ಟ್‌ವೇರ್ ಅದು. ಮಗಳು ಇಂಜಿನಿಯರಿಂಗ್ ಎರಡನೇ ವರ್ಷ. ಒಂದು ದಿನ ಊಟಕ್ಕೆ ಕೂತಾಗ ಕೇಳಿದಳು: "ಅಪ್ಪಾ, ಹನ್ನೆರಡು ವರ್ಷ ಪುಕ್ಕಟೆ ಬಳಸೀದಿ. ಒಮ್ಮೆ ಒಳಗ ಏನದ ಅಂತ ನೋಡೋಣೇನು?"

ಅವಳು ಹೇಳಿದ್ದು ಸೋರ್ಸ್‌ನಿಂದ ಬಿಲ್ಡ್ ಮಾಡುವುದು, ಅಂದರೆ ಬರೆದ ಮೂಲ ಕೋಡಿನಿಂದ ಸಾಫ್ಟ್‌ವೇರನ್ನು ನಾವೇ ಕಟ್ಟುವುದು. ತಯಾರಾದ ಸಾಫ್ಟ್‌ವೇರ್ ಇಳಿಸಿಕೊಳ್ಳುವುದು ಪ್ಯಾಕೆಟ್ ಹಿಟ್ಟು ತಂದಂತೆ. ಇದು ಜೋಳ ಹಸನು ಮಾಡಿ ಗಿರಣಿಗೆ ಹಾಕಿಸುವ ಕೆಲಸ. ಲಿಬ್ರೆಆಫೀಸಿನ ಚೀಲ ಸಣ್ಣದಲ್ಲ, ಬಹುಪಾಲು ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಲಕ್ಷಗಟ್ಟಲೆ ಸಾಲು. ಅಂಗಡಿಯ ಹಳೆ ಡೆಸ್ಕ್‌ಟಾಪಿಗೆ ಇದು ಆಗದ ಮಾತು. ಹೊಸದು ಕೊಳ್ಳುವಷ್ಟು ರೊಕ್ಕ ಇಲ್ಲ. ಹಾಗಾಗಿ ಮಾರ್ಚ್‌ನಲ್ಲಿ ನಮ್ಮೂರಿನ ಸುಪರ್ ಮಾರ್ಕೆಟ್ ಎಂಬ ಪೇಟೆಯ ಒಂದು ಮಹಡಿ ಅಂಗಡಿಗೆ ಹೋದೆವು.

"ಹೈದರಾಬಾದ್ ಮಾಲ್ ಅದ ಸರ್. ಕಂಪನಿಯವ್ರು ಬರೇ ಇಮೇಲ್ ನೋಡ್ಯಾರ. ಹೊಸಾದೇ ಅಂತ ತಿಳ್ಕೋರಿ" ಎಂದ ಅಂಗಡಿಯ ಹುಡುಗ. ಎಂಟನೇ ತಲೆಮಾರಿನ ಐ5 ಪ್ರೊಸೆಸರ್, ನಾಲ್ಕು ಕೋರು, ಎಂಟು ಥ್ರೆಡ್ಡು, ಅಂದರೆ ಎಂಟು ಕೆಲಸ ಒಟ್ಟಿಗೆ ಓಡಿಸಬಲ್ಲದು. 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಮುಚ್ಚಳದ ಮೇಲೆ ಹಳೆ ಕಂಪನಿಯ ನಂಬರಿನ ಚೀಟಿ ಅರ್ಧ ಕಿತ್ತು ಹಾಗೇ ಇತ್ತು. 24,000 ಹೇಳಿದರು, 21,500ಕ್ಕೆ ಬಂತು. ಮೂರು ತಿಂಗಳ ವಾರಂಟಿ, ಚೀಟಿಯ ಮೇಲೆ ಪೆನ್ನಿನಲ್ಲಿ ಬರೆದದ್ದು. ಬ್ಯಾಟರಿ ಬಗ್ಗೆ ಕೇಳಿದೆ. "ಮೂರು ತಾಸು ಎಲ್ಲೂ ಹೋಗಂಗಿಲ್ಲ ಸರ್." ಆ ಮೂರು ತಾಸಿನ ಕಥೆ ಆಮೇಲೆ ಹೇಳುತ್ತೇನೆ.

ಮನೆಗೆ ತಂದು ಉಬುಂಟು 24.04 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿದೆವು. ವೈಫೈ, ಬ್ಲೂಟೂತ್, ಧ್ವನಿ ಯಾವುದಕ್ಕೂ ತಕರಾರಿಲ್ಲ. ಕೀಬೋರ್ಡ್ ಬಹಳ ಚೆನ್ನಾಗಿದೆ. ದಿನಕ್ಕೆ ನಲವತ್ತು ಪುಟ ಟೈಪ್ ಮಾಡುವವನ ಮಾತು ಇದು, ನಂಬಬಹುದು.

ಸೋರ್ಸ್ ಇಳಿಸುವಾಗ ಮೊದಲ ತಪ್ಪು ನಮ್ಮದೇ. ಕೋಡ್ ಇಳಿಸುವ ಆಜ್ಞೆ ಗಿಟ್ ಕ್ಲೋನ್. ಅದನ್ನು ಕೊಟ್ಟರೆ ಇವತ್ತಿನ ಕೋಡ್ ಅಷ್ಟೇ ಅಲ್ಲ, ಅದರ ಇಡೀ ಇತಿಹಾಸ ಬರುತ್ತದೆ, ಕೆಲವು ಜಿಬಿ. ಮಗಳ ಫೋನಿನ ಹಾಟ್‌ಸ್ಪಾಟ್‌ನಲ್ಲಿ ಶುರು ಮಾಡಿದೆವು. ಅರ್ಧ ದಾಟಿದಾಗ ಅವಳು ಫೋನ್ ಹಿಡಿದುಕೊಂಡು ಹಾಲು ತರಲು ಹೋದಳು. ಕ್ಲೋನ್ ನಡುವೆ ಕಡಿದರೆ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಮೊದಲಿಂದ ಶುರು. ಎರಡನೇ ಸಲ ಡೆಪ್ತ್ 1 ಎಂದು ಕೊಟ್ಟೆವು. ಆಗ ಕೊನೆಯ ಸ್ಥಿತಿಯಷ್ಟೇ ಬರುತ್ತದೆ. ಇತಿಹಾಸ ಬೇಕಾದರೆ ಆಮೇಲೆ ಅನ್‌ಶಾಲೋ ಮಾಡಿಕೊಳ್ಳಬಹುದು.

ಆಮೇಲೆ ಸಾಮಾನು ಜೋಡಿಸುವುದು. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್, ಫ್ಲೆಕ್ಸ್, ಬೈಸನ್, ಜಿಪರ್ಫ್, ಹತ್ತಾರು ಲೈಬ್ರರಿಗಳ ಡೆವ್ ಪ್ಯಾಕೇಜು. ಒಂದೊಂದೇ ಹುಡುಕುತ್ತ ಕೂತರೆ ವಾರ ಹೋಗುತ್ತದೆ. ಉಬುಂಟು, ಡೆಬಿಯನ್‌ನಲ್ಲಿ ಇದಕ್ಕೆ ಒಂದೇ ಆಜ್ಞೆ ಇದೆ: ಆಪ್ಟ್ ಬಿಲ್ಡ್-ಡೆಪ್ ಲಿಬ್ರೆಆಫೀಸ್. ಆದರೆ ಮೊದಲ ಸಲ ಅದು ಖಂಡಿತ ಬೈಯುತ್ತದೆ, ಏಕೆಂದರೆ ಸೋರ್ಸ್ ಪ್ಯಾಕೇಜಿನ ವಿಳಾಸಗಳು ಸುಮ್ನೆ ಇದ್ದರೆ ಬಂದ್ ಆಗಿರುತ್ತವೆ. 24.04ರಲ್ಲಿ ಉಬುಂಟು ಡಾಟ್ ಸೋರ್ಸಸ್ ಎಂಬ ಫೈಲ್ ತೆರೆದು, ಟೈಪ್ಸ್ ಎಂಬ ಸಾಲಿನಲ್ಲಿ ಡೆಬ್ ಪಕ್ಕ ಡೆಬ್-ಎಸ್‌ಆರ್‌ಸಿ ಸೇರಿಸಬೇಕು. ಒಂದು ಪದ, ಅಷ್ಟೇ. ನಾವು ಅದಕ್ಕೆ ಒಂದು ಸಂಜೆ ಕಳೆದೆವು.

ಅದಾದ ಮೇಲೆ ತಯಾರಿ ಮಾಡುವ ಆಟೋಜೆನ್ ಓಡಿಸಿ, ಕಟ್ಟಲು ಶುರು ಮಾಡುವ ಮೇಕ್ ಆಜ್ಞೆ ಕೊಟ್ಟರೆ ಮುಗಿಯಿತು ಎಂದುಕೊಂಡಿದ್ದೆ.

ನಲವತ್ತು ನಿಮಿಷಕ್ಕೆ ಪರದೆ ಹೆಪ್ಪುಗಟ್ಟಿತು. ಮೌಸ್ ಅಲುಗಾಡಲಿಲ್ಲ. ಎರಡು ನಿಮಿಷ ಬಿಟ್ಟು ಉಸಿರು ಬಂತು, ಆದರೆ ಮೇಕ್ ನಿಂತಿತ್ತು. ಕೊನೆಯ ಸಾಲಿನಲ್ಲಿ 'ಕಿಲ್ಡ್' ಎಂದು ಬರೆದಿತ್ತು, ಪಕ್ಕದಲ್ಲಿ ಸಿ++ ಕಂಪೈಲರಿನ ಹೆಸರು, ಸಿಸಿ1ಪ್ಲಸ್. ಪ್ರೋಗ್ರಾಮ್ ಸತ್ತಿತು ಎಂದೆ ನಾನು. "ಸತ್ತಿಲ್ಲಪ್ಪಾ, ಕೊಂದಾರ" ಎಂದಳು ಮಗಳು. ಅವಳು ಹೇಳಿದ್ದೇ ಸರಿ. ಎಂಟು ಥ್ರೆಡ್ ಕಂಡ ತಕ್ಷಣ ಬಿಲ್ಡ್ ಎಂಟು ಕಂಪೈಲರುಗಳನ್ನು ಒಟ್ಟಿಗೆ ಬಿಡುತ್ತದೆ. ನಾವು ಆಸೆಪಟ್ಟು, ಕೋಡಿನ ತಪ್ಪು ಹುಡುಕಲು ನೆರವಾಗುವ ಡೀಬಗ್ ಬೇರೆ ಹಾಕಿದ್ದೆವು. ಆಗ ದೊಡ್ಡ ಫೈಲಿಗೆ ಒಂದೊಂದು ಕಂಪೈಲರೂ ಒಂದು ಜಿಬಿ ಹತ್ತಿರ ನುಂಗುತ್ತದೆ. 8 ಜಿಬಿಯಲ್ಲಿ ಎಂಟು ಮಂದಿಯ ಊಟ, ಜೊತೆಗೆ ಬ್ರೌಸರಿನಲ್ಲಿ ಹನ್ನೊಂದು ಟ್ಯಾಬು. ಮೆಮೊರಿ ಪೂರ್ತಿ ಮುಗಿದಾಗ ಲಿನಕ್ಸ್ ಕರ್ನಲ್ ಜಾಸ್ತಿ ತಿನ್ನುವವನನ್ನು ಹುಡುಕಿ ಎಬ್ಬಿಸಿ ಕಳಿಸುತ್ತದೆ.

ಒಟ್ಟಿಗೆ ಎಷ್ಟು ಕಂಪೈಲರ್ ಓಡಬೇಕು ಎಂದು ಹೇಳುವ ಪ್ಯಾರಲಲಿಸಂ ಎಂಬ ಆಯ್ಕೆಗೆ 3 ಎಂದು ಕೊಟ್ಟೆವು. ಆಗ ಬೀಳಲಿಲ್ಲ, ಆದರೆ ತೆವಳಿತು. ರಾತ್ರಿ ಹಾಕಿದ್ದು ಮರುದಿನ ನಾನು ಅಂಗಡಿ ತೆರೆಯುವ ಹೊತ್ತಿಗೂ ಮುಗಿದಿರಲಿಲ್ಲ.

ಈ ಲ್ಯಾಪ್‌ಟಾಪಿಗೆ ನಾನು ನಾಲ್ಕು ಅಂಕ ಕೊಡುವ ಕಾರಣ ಇಲ್ಲಿದೆ. ಕೆಳಗಿನ ಮುಚ್ಚಳ ಬಿಚ್ಚಿದರೆ ರ‍್ಯಾಮಿಗೆ ಎರಡು ಸ್ಲಾಟು, ಒಂದು ಖಾಲಿ. ಈಗಿನ ಎಷ್ಟೋ ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತಾರೆ, ಕೊಂಡಾಗ ಎಷ್ಟಿತ್ತೋ ಸಾಯುವ ತನಕ ಅಷ್ಟೇ. ಅದೇ ಅಂಗಡಿಯಲ್ಲಿ 16 ಜಿಬಿಯ ಒಂದು ಹಳೆ ಡಿಡಿಆರ್4 ಪಟ್ಟಿ 3,200ಕ್ಕೆ ಸಿಕ್ಕಿತು. ಒಟ್ಟು 24 ಜಿಬಿ. ಪ್ರೊಸೆಸರ್ ಅದೇ, ಡಿಸ್ಕ್ ಅದೇ. ಎಂಟು ಕಂಪೈಲರೂ ಕೂತು ಉಂಡವು, ಯಾರನ್ನೂ ಎಬ್ಬಿಸಲಿಲ್ಲ. ಬಿಲ್ಡ್ ಮಾಡಲೆಂದೇ ಲ್ಯಾಪ್‌ಟಾಪ್ ಕೊಳ್ಳುವವರು ಐ5 ಬಿಟ್ಟು ಐ7 ಬೇಕೇ ಎಂದು ತಲೆ ಕೆಡಿಸಿಕೊಳ್ಳಬೇಡಿ. ಆ ರೊಕ್ಕ ರ‍್ಯಾಮಿಗೆ ಹಾಕಿ.

ಇನ್ನು ಬಿಸಿಲು. ಏಪ್ರಿಲ್ ಬಂದಿತ್ತು. ನಮ್ಮೂರಿನ ಏಪ್ರಿಲ್ ಹೇಗಿರುತ್ತದೆ ಎಂದು ಹೊರಗಿನವರಿಗೆ ಹೇಳಿ ಪ್ರಯೋಜನವಿಲ್ಲ, 42 ಡಿಗ್ರಿ ಅಂದರೆ ಅವರಿಗೆ ಬರೀ ಒಂದು ಅಂಕಿ. ಮಧ್ಯಾಹ್ನ ಬಿಲ್ಡ್ ಹಾಕಿ ಸೆನ್ಸರ್ಸ್ ಆಜ್ಞೆ ಕೊಟ್ಟು ನೋಡಿದೆ, ಪ್ರೊಸೆಸರ್ 97 ಡಿಗ್ರಿ. ಈ ಚಿಪ್ಪಿನ ಮಿತಿ 100. ಅದರ ಹತ್ತಿರ ಹೋದಂತೆ ಅದು ತಾನೇ ವೇಗ ಇಳಿಸಿಕೊಂಡು ಜೀವ ಉಳಿಸಿಕೊಳ್ಳುತ್ತದೆ. 3 ಗಿಗಾಹರ್ಟ್ಸ್ ಮೇಲೆ ಓಡಬೇಕಾದದ್ದು 1.4ಕ್ಕೆ ಇಳಿದಿತ್ತು. ಫ್ಯಾನಿನ ಸದ್ದಿಗೆ ಹೆಂಡತಿ ಅಡುಗೆಮನೆಯಿಂದ ಬಂದು, "ಕುಕ್ಕರ್ ಇಟ್ಟೀರೇನು ಇಲ್ಲಿ?" ಎಂದಳು.

ಮತ್ತೆ ಸುಪರ್ ಮಾರ್ಕೆಟ್. ಇಲ್ಲಿ ಅಂಗಡಿಯವರನ್ನು ಹೊಗಳಲೇಬೇಕು. ರಿಪೇರಿ ಟೇಬಲ್ಲಿನ ಹಿರಿಯರು ನನ್ನ ಕಣ್ಣೆದುರೇ ಬಿಚ್ಚಿದರು. ಫ್ಯಾನಿನ ಬಾಯಿಗೆ ಧೂಳು ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿತ್ತು. "ಇದು ಹೈದರಾಬಾದಿಂದು ಭಾಯಿ, ನಮ್ಮೂರಿಂದಲ್ಲ" ಎಂದು ನಕ್ಕರು. ಪ್ರೊಸೆಸರಿನ ಬಿಸಿ ಹೊರಗೆ ಸಾಗಿಸುವ, ಒಣಗಿ ಸುಣ್ಣದ ಹಾಗಾಗಿದ್ದ ಪೇಸ್ಟ್ ಒರೆಸಿ ಹೊಸದು ಹಚ್ಚಿದರು. ಅರ್ಧ ತಾಸು, 350 ರೂಪಾಯಿ, ಒಂದು ಸ್ಕ್ರೂ ಕೂಡ ಮಿಗಲಿಲ್ಲ. ಆಮೇಲೆ ಅದೇ ಬಿಲ್ಡಿಗೆ 84 ಡಿಗ್ರಿ. ಮಾರುವ ಮೊದಲೇ ಈ ಕೆಲಸ ಮಾಡಿ ಕೊಡಬಹುದಿತ್ತು ಅಲ್ವಾ? ಅಲ್ಲಿ ಅರ್ಧ ಅಂಕ ಕಡಿದೆ.

ಹಾಗಿದ್ದರೂ ಬೇಸಿಗೆಯ ಮಧ್ಯಾಹ್ನಕ್ಕೆ ಇದು ಆಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ. ಲ್ಯಾಪ್‌ಟಾಪಿಗೂ ಅದೇ ವೇಳಾಪಟ್ಟಿ ಹಾಕಿದೆ. ದೊಡ್ಡ ಬಿಲ್ಡ್ ಏನಿದ್ದರೂ ರಾತ್ರಿ, ಮಾಳಿಗೆಯ ಬಿಸಿ ಇಳಿದ ಮೇಲೆ.

ಒಂದು ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಯಿತು. ಮೂರು ತಾಸಿನ ಬ್ಯಾಟರಿ ಇದೆಯಲ್ಲ ಎಂದು ಮಗ್ಗಲು ಬದಲಿಸಿ ಮಲಗಿದೆ. ಇಪ್ಪತ್ತೈದು ನಿಮಿಷಕ್ಕೆ ಫ್ಯಾನಿನ ಸದ್ದು ಟಪ್ಪನೆ ನಿಂತಿತು. ಬರೀ ಇಮೇಲ್ ನೋಡಿದರೆ ಎರಡು ತಾಸು ಬಂದೀತು, ಎಂಟು ಥ್ರೆಡ್ ಓಡಿಸಿದರೆ ಇಷ್ಟೇ. ಅಂಗಡಿಯಲ್ಲಿ ಹೇಳಿದೆ. ಬ್ಯಾಟರಿಗೆ ವಾರಂಟಿ ಬರುವುದಿಲ್ಲವಂತೆ. ಆ ಮಾತು ಚೀಟಿಯ ಮೇಲೆ ಇರಲಿಲ್ಲ. ಉಳಿದ ಒಂದೂವರೆ ಅಂಕ ಹೋದದ್ದು ಅಲ್ಲಿಗೆ.

ಕಟ್ಟುತ್ತಿದ್ದದ್ದು ಎಲ್ಲ ಹಾಳಾಯಿತು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಮೇಕ್ ಎಂಬುದು ಫೈಲುಗಳ ಸಮಯ ನೋಡಿ ಕೆಲಸ ಮಾಡುತ್ತದೆ. ಸೋರ್ಸಿನಿಂದ ಕಂಪೈಲರ್ ಮಾಡಿಕೊಟ್ಟ ಆಬ್ಜೆಕ್ಟ್ ಫೈಲ್ ಆ ಸೋರ್ಸಿಗಿಂತ ಹೊಸದಿದ್ದರೆ ಅದನ್ನು ಮುಟ್ಟುವುದಿಲ್ಲ, ಮುಂದಕ್ಕೆ ಹೋಗುತ್ತದೆ. ತೊಂದರೆ ಬಂದದ್ದು ಕರೆಂಟ್ ಹೋದ ಗಳಿಗೆಯಲ್ಲಿ ಬರೆಯುತ್ತಿದ್ದ ನಾಲ್ಕಾರು ಫೈಲುಗಳಿಂದ. ಹೆಸರು ಇತ್ತು, ಒಳಗೆ ಸೊನ್ನೆ ಬೈಟು. ಮೇಕ್ ಅವನ್ನೂ ಮುಗಿದ ಲೆಕ್ಕಕ್ಕೆ ಹಿಡಿಯಿತು, ಅವನ್ನೆಲ್ಲ ಜೋಡಿಸುವ ಲಿಂಕರ್ ಮಾತ್ರ ಕೊನೆಗೆ ಇದೇನು ಫೈಲು ಎಂದು ರಗಳೆ ತೆಗೆಯಿತು. ಸೊನ್ನೆ ಗಾತ್ರದ ಆಬ್ಜೆಕ್ಟ್ ಫೈಲುಗಳನ್ನು ಫೈಂಡ್‌ನಿಂದ ಹುಡುಕಿ ಅಳಿಸಿದ ಮೇಲೆ ಮತ್ತೆ ಹೊರಟಿತು. ಇದನ್ನು ಮಗಳಲ್ಲ, ನಾನು ಕಂಡುಹಿಡಿದೆ. ಇಪ್ಪತ್ತು ವರ್ಷ ಖಾಲಿ ಪುಟ ಪ್ರಿಂಟ್ ಆಗುವುದನ್ನು ನೋಡಿದ ಕಣ್ಣು.

ಇಷ್ಟೆಲ್ಲ ಆದ ಮೇಲೆ ಡೀಬಗ್ ಇಲ್ಲದೆ, ಜಾವಾ ಬಿಟ್ಟು, ಮೊದಲಿಂದ ಶುದ್ಧವಾಗಿ ಕಟ್ಟಿದ್ದಕ್ಕೆ ಹಿಡಿದ ಸಮಯ ಆರೂವರೆ ತಾಸು. ರಾತ್ರಿ 10ಕ್ಕೆ ಹಾಕಿದ್ದು ಬೆಳಗಿನ ಜಾವ 4.30ಕ್ಕೆ ಮುಗಿಯಿತು. ಸಿಕ್ಯಾಶ್ ಹಾಕಿಕೊಂಡರೆ ಎರಡನೇ ಸಲ ಎಲ್ಲ ಅಳಿಸಿ ಕಟ್ಟಿದರೂ ಒಂದು ತಾಸಿನ ಒಳಗೇ. ಅದು ಒಮ್ಮೆ ಬೀಸಿದ್ದನ್ನು ಡಬ್ಬಿಯಲ್ಲಿ ಇಟ್ಟಿರುತ್ತದೆ. ಆದರೆ ಡಬ್ಬಿ ಸುಮ್ನೆ ಇದ್ದರೆ 5 ಜಿಬಿ, ಲಿಬ್ರೆಆಫೀಸಿಗೆ ಸಾಲದು. ಹೊಸದು ಹಾಕಲು ಹಳೆಯದನ್ನು ಚೆಲ್ಲುತ್ತ ಹೋಗುತ್ತದೆ, ನಮಗೆ ಲಾಭವಿಲ್ಲ. ನಾನು 30 ಜಿಬಿ ಕೊಟ್ಟಿದ್ದೇನೆ. ಡೀಬಗ್ ಸಮೇತ ಕಟ್ಟಿದ ಫೋಲ್ಡರೇ 40 ಜಿಬಿ ದಾಟಿತ್ತು. ಹಾಗಾಗಿ 256ರ ಡಿಸ್ಕ್ ಕಡಿಮೆಗೆ ಸಿಕ್ಕರೂ ಬೇಡ.

ಇನ್‌ಸ್ಟ್‌ಡಿರ್ ಎಂಬ ಫೋಲ್ಡರಿನ ಒಳಗೆ ಹೋಗಿ ಅದನ್ನು ತೆರೆದೆವು. ಭಾಷೆಯ ಆಯ್ಕೆಗೆ ಕೆಎನ್ ಕೊಟ್ಟಿದ್ದರಿಂದ ಮೆನು ಎಲ್ಲ ಕನ್ನಡದಲ್ಲೇ ಬಂತು. ನಾನು ಮೊದಲು ಹೊಡೆದದ್ದು ಅಭ್ಯಾಸಬಲದಿಂದ 'ಮಾನ್ಯ ತಹಶೀಲ್ದಾರರು, ಕಲಬುರಗಿ ಇವರಿಗೆ'. ಒತ್ತಕ್ಷರ ಎಲ್ಲ ಸರಿಯಾಗಿ ಕೂತವು. ನೋಡಿದರೆ ದಿನಾ ತೆರೆಯುವ ಅದೇ ಖಾಲಿ ಹಾಳೆ. ಆದರೂ ಆ ಹೊತ್ತಿನಲ್ಲಿ ಚಹಾ ಮಾಡಿಸಿಕೊಂಡು ಕುಡಿದೆ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಫೋಲ್ಡರುಗಳ ಹೆಸರು. ಪತ್ರ ಬರೆಯುವ ರೈಟರಿನ ಕೋಡ್ ಇರುವುದು ಎಸ್‌ಡಬ್ಲ್ಯು ಎಂಬಲ್ಲಿ, ಲೆಕ್ಕ ಮಾಡುವ ಕ್ಯಾಲ್ಕಿನದು ಎಸ್‌ಸಿ ಎಂಬಲ್ಲಿ. ಎಸ್ ಯಾಕೆ ಎಂದರೆ ಸ್ಟಾರ್‌ರೈಟರ್, ಸ್ಟಾರ್‌ಕ್ಯಾಲ್ಕ್. ಜರ್ಮನಿಯ ಸ್ಟಾರ್‌ಡಿವಿಷನ್ ಕಂಪನಿಯ ಕಾಲದ ಹೆಸರುಗಳು. ಅದನ್ನು ಸನ್ ಕಂಪನಿ 1999ರಲ್ಲಿ ಕೊಂಡಿತು, 2000ದಲ್ಲಿ ಕೋಡ್ ತೆರೆದು ಓಪನ್‌ಆಫೀಸ್ ಆಯಿತು, 2010ರಲ್ಲಿ ಅದರಿಂದ ಕವಲೊಡೆದು ಲಿಬ್ರೆಆಫೀಸ್ ಆಯಿತು. ಮಾಲೀಕರು ಎಷ್ಟು ಬದಲಾದರೂ ಫೋಲ್ಡರಿನ ಹೆಸರು ಹಾಗೇ ಇದೆ. ನಮ್ಮಲ್ಲೂ ಈಗಲೂ ಗುಲ್ಬರ್ಗ ಎಂದು ಬರೆದ ಬೋರ್ಡುಗಳು ಎಷ್ಟಿಲ್ಲ.

ಮಗಳು ಮಾಡಿದ ಮೊದಲ ಬದಲಾವಣೆ: ಅಬೌಟ್ ಕಿಟಕಿಯ ಫೈಲ್ ಹುಡುಕಿ ಅದರಲ್ಲಿ ನಮ್ಮ ಅಂಗಡಿಯ ಹೆಸರು ತುರುಕಿದ್ದು. ಅದು ಎಕ್ಸ್‌ಎಂಎಲ್ ಫೈಲು, ಸಿ++ ಮುಟ್ಟುವ ಕೆಲಸವೇ ಇಲ್ಲ. ಮತ್ತೆ ಮೇಕ್, ಸ್ವಲ್ಪ ಹೊತ್ತು, ಹೆಸರು ಬಂತು. ಬಾಂಡ್ ಟೈಪ್ ಮಾಡಿಸಲು ಬಂದ ಒಬ್ಬರು ವಕೀಲರಿಗೆ ತೋರಿಸಿದೆ. "ಇದಕ್ಕ ಎಷ್ಟು ಕೊಟ್ರಿ ಕಂಪನಿಗೆ?" ಎಂದು ಕೇಳಿದರು. ಲಿಬ್ರೆಆಫೀಸಿನವರಿಗೆ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಅಂತ ಮಗಳು ಇನ್ನೂ ಏನೂ ಕಳಿಸಿಲ್ಲ. ಅದನ್ನು ಕಳಿಸುವ ತಾಣ ಗೆರಿಟ್‌ನಲ್ಲಿ ಖಾತೆ ಮಾಡಿಟ್ಟಿದ್ದಾಳೆ, ಹೊಸಬರಿಗೆಂದೇ ಗುರುತು ಹಾಕಿಟ್ಟ ಸುಲಭದ ಕೆಲಸಗಳ ಪಟ್ಟಿ ನೋಡುತ್ತಿದ್ದಾಳೆ. ಪರೀಕ್ಷೆ ಮುಗಿಯಲಿ.

ಆರು ತಿಂಗಳಾಯಿತು. ರ‍್ಯಾಮ್, ಪೇಸ್ಟ್ ಸೇರಿ ಒಟ್ಟು ಖರ್ಚು 25,050. ಎಡಗಡೆಯ ಕೀಲು ಸ್ವಲ್ಪ ಸಡಿಲಾಗಿದೆ. ಪರದೆಯ ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ ಮೊದಲಿಂದಲೂ ಇದೆ, ಬಿಳಿ ಹಾಳೆಯ ಮೇಲೆ ಕಾಣುವುದಿಲ್ಲ. ಹೊಸ ಬ್ಯಾಟರಿ ತರಿಸಲು ಹೇಳಿದ್ದೇನೆ, ಈ ಸಲ ವಾರಂಟಿಯನ್ನು ಚೀಟಿಯ ಮೇಲೆ ನಾನೇ ಟೈಪ್ ಮಾಡಿ ಒಯ್ಯುತ್ತೇನೆ. ಬಂದ ಮೇಲೆ ಬಿಲ್ಡ್ ಹಾಕಿ ಎಷ್ಟು ತಾಸು ನಿಲ್ಲುತ್ತದೆ ಎಂದು ಇಲ್ಲೇ ಕೆಳಗೆ ಸೇರಿಸುತ್ತೇನೆ.